ಬಹುಮಾನದ ಹಣ, ತೆರಿಗೆಯ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಕೇರಳ ಸರ್ಕಾರದ ತಿರುವೋಣಂ ಬಂಪರ್ ಲಾಟರಿಯ ಮೊದಲ ಬಹುಮಾನ 25 ಕೋಟಿ ರೂಪಾಯಿ. ಕರ್ನಾಟಕದಲ್ಲಿ ಲಾಟರಿ ಮಾರಾಟ ನಿಂತದ್ದು 2007ರಲ್ಲಿ. ಆದರೂ 2024ರಲ್ಲಿ ಆ ಬಹುಮಾನ ನಮ್ಮ ರಾಜ್ಯದವರೊಬ್ಬರ ಪಾಲಾಯಿತು. ಪತ್ರಿಕೆಯಲ್ಲಿ 25 ಕೋಟಿ ಎಂದು ಬರುತ್ತದೆ, ಬ್ಯಾಂಕ್ ಖಾತೆಗೆ ಅಷ್ಟು ಬರುವುದಿಲ್ಲ, ಬಂದದ್ದೂ ಪೂರ್ತಿ ನಿಮ್ಮದಲ್ಲ. ಪೆನ್ನು, ಕಾಗದ ಹತ್ತಿರವಿದ್ದರೆ ತೆಗೆದುಕೊಳ್ಳಿ. ಈ ಒಂದು ಲೆಕ್ಕ ಹಾಕಿ ನೋಡೋಣ.

25 ಕೋಟಿಯಲ್ಲಿ ಮೊದಲು ಏಜೆಂಟರ ಕಮಿಷನ್ ಶೇ. 10, ಅಂದರೆ ಎರಡೂವರೆ ಕೋಟಿ ಹೋಗುತ್ತದೆ. ಉಳಿದ 22 ಕೋಟಿ 50 ಲಕ್ಷದ ಮೇಲೆ ಶೇ. 30ರಂತೆ 6 ಕೋಟಿ 75 ಲಕ್ಷ ಟಿಡಿಎಸ್, ಅಂದರೆ ಹಣ ಕೊಡುವವರೇ ಮೊದಲೇ ಮುರಿದುಕೊಳ್ಳುವ ತೆರಿಗೆ, ಕಡಿತವಾಗುತ್ತದೆ. ಖಾತೆಗೆ ಬರುವುದು 15 ಕೋಟಿ 75 ಲಕ್ಷ. ತೆರಿಗೆ ಮುಗಿಯಿತು ಎಂದು ಬಹಳಷ್ಟು ಜನ ಅಂದುಕೊಳ್ಳುವುದು ಇಲ್ಲಿಯೇ. ಮುಗಿದಿಲ್ಲ. ಭಾರತದ ನಿವಾಸಿಗೆ ಬಹುಮಾನ ಕೊಡುವಾಗ ಮುರಿದುಕೊಳ್ಳುವುದು ಬರೀ 30. ಅದರ ಮೇಲಿನ ಸರ್ಚಾರ್ಜು, ಸೆಸ್ಸು ಎರಡನ್ನೂ ಗೆದ್ದವರೇ ಲೆಕ್ಕ ಹಾಕಿ ಕಟ್ಟಬೇಕು.

ವರ್ಷದ ಆದಾಯ 50 ಲಕ್ಷ ದಾಟಿದರೆ ತೆರಿಗೆಯ ಮೇಲೆ ಶೇ. 10 ಸರ್ಚಾರ್ಜು, 1 ಕೋಟಿ ದಾಟಿದರೆ 15, 2 ಕೋಟಿ ದಾಟಿದರೆ 25. ಹೊಸ ತೆರಿಗೆ ಪದ್ಧತಿಯಲ್ಲಿ ಅಲ್ಲಿಗೆ ನಿಲ್ಲುತ್ತದೆ. ಹಳೆಯ ಪದ್ಧತಿಯಲ್ಲಿ 5 ಕೋಟಿ ದಾಟಿದವರಿಗೆ 37. ಇಷ್ಟಾದ ಮೇಲೆ ಒಟ್ಟು ಮೊತ್ತಕ್ಕೆ ಶೇ. 4 ಆರೋಗ್ಯ ಮತ್ತು ಶಿಕ್ಷಣ ಸೆಸ್. ನಮ್ಮ ಬಂಪರ್ ವಿಜೇತರಿಗೆ ಬೇರೆ ಆದಾಯವಿಲ್ಲ ಎಂದಿಟ್ಟುಕೊಳ್ಳಿ. ಹೊಸ ಪದ್ಧತಿಯಲ್ಲಿ ಇನ್ನೂ 2 ಕೋಟಿ 2 ಲಕ್ಷ 50 ಸಾವಿರ ಕಟ್ಟಬೇಕು. ಹಳೆಯದನ್ನು ಆರಿಸಿಕೊಂಡರೆ 2 ಕೋಟಿ 86 ಲಕ್ಷ 74 ಸಾವಿರ. ಎಲ್‌ಐಸಿ, ಪಿಪಿಎಫ್ ಎಂದು ಒಂದೂವರೆ ಲಕ್ಷದ ರಿಯಾಯಿತಿಯ ಆಸೆಗೆ ಹಳೆಯ ಪದ್ಧತಿಯಲ್ಲೇ ಉಳಿದರೆ 84 ಲಕ್ಷಕ್ಕೂ ಹೆಚ್ಚು ಕೈಬಿಟ್ಟು ಹೋಗುತ್ತದೆ. ಅಷ್ಟಕ್ಕೂ ಆ ರಿಯಾಯಿತಿ ಬಹುಮಾನದ ಹಣಕ್ಕೆ ಸಿಗುವುದೇ ಇಲ್ಲ.

ಈ ಬಾಕಿಯನ್ನು ರಿಟರ್ನ್ ಸಲ್ಲಿಸುವಾಗ ನೋಡಿಕೊಂಡರಾಯಿತು ಎಂದು ಬಿಡುವಂತಿಲ್ಲ. ಟಿಡಿಎಸ್ ಕಳೆದು 10 ಸಾವಿರ ಅಥವಾ ಅದಕ್ಕಿಂತ ಹೆಚ್ಚು ಬಾಕಿ ಉಳಿಯುವವರು ಮುಂಗಡ ತೆರಿಗೆ ಕಟ್ಟಬೇಕು. ಕಂತುಗಳು ಜೂನ್ 15, ಸೆಪ್ಟೆಂಬರ್ 15, ಡಿಸೆಂಬರ್ 15, ಮಾರ್ಚ್ 15. ಲಾಟರಿ ಯಾವಾಗ ಹೊಡೆಯುತ್ತದೆ ಎಂದು ಯಾರಿಗೂ ಮೊದಲೇ ಗೊತ್ತಿರುವುದಿಲ್ಲವಲ್ಲ, ಹಾಗಾಗಿ ಗೆಲ್ಲುವುದಕ್ಕೆ ಮೊದಲಿನ ಕಂತುಗಳಿಗೆ ಬಡ್ಡಿ ಕೇಳುವುದಿಲ್ಲ. ಗೆದ್ದ ನಂತರದ ಕಂತುಗಳಲ್ಲಿ, ಕಂತೇ ಉಳಿದಿಲ್ಲವೆಂದರೆ ಮಾರ್ಚ್ 31ರೊಳಗೆ, ಕಟ್ಟಿದರೆ ಸಾಕು. ಏಪ್ರಿಲ್ ಬಂತೆಂದರೆ ತಿಂಗಳಿಗೆ ಶೇ. 1 ಬಡ್ಡಿ ಶುರು. ಮೇಲಿನ ಲೆಕ್ಕದಲ್ಲಿ ಅದು ತಿಂಗಳಿಗೆ 2 ಲಕ್ಷಕ್ಕಿಂತ ಜಾಸ್ತಿ. ಮನೆ, ಜಮೀನಿಗೆ ಮುಂಗಡ ಕೊಡುವ ಮುಂಚೆ ಈ ಹಣವನ್ನು ಬೇರೆ ಖಾತೆಯಲ್ಲಿ ಎತ್ತಿಡಿ.

ಕೋಟಿಯ ಮಾತು ಸಾಕು, ಲಕ್ಷಕ್ಕೆ ಬರೋಣ. ಬೇರೆ ಆದಾಯವಿಲ್ಲದ ಗೃಹಿಣಿಯೊಬ್ಬರು ಟಿವಿ ಸ್ಪರ್ಧೆಯಲ್ಲಿ 1 ಲಕ್ಷ ಗೆದ್ದರು. ಕೈಗೆ ಬಂದದ್ದು 70 ಸಾವಿರ. ಆದಾಯ ತೆರಿಗೆ ಮಿತಿಯೊಳಗೇ ಇದೆ, 30 ಸಾವಿರ ವಾಪಸು ಬರುತ್ತದೆ ಎಂದು ರಿಟರ್ನ್ ಹಾಕಲು ಹೋದರೆ, ಹೊಸ ಪದ್ಧತಿಯಲ್ಲಿ ವಾಪಸಿನ ಮಾತಿರಲಿ, 1,200 ರೂಪಾಯಿ ಸೆಸ್ ಅವರೇ ಕಟ್ಟಬೇಕಾಗುತ್ತದೆ. ಬಹುಮಾನದ ಆದಾಯಕ್ಕೆ ಮೂಲ ವಿನಾಯಿತಿ ಇಲ್ಲ, ಹೊಸ ಪದ್ಧತಿಯ 12 ಲಕ್ಷದವರೆಗಿನ ರಿಯಾಯಿತಿಯೂ ಇಲ್ಲ. ಬ್ಯಾಂಕಿನ ಬಡ್ಡಿಗೆ ಟಿಡಿಎಸ್ ಬೇಡವೆಂದು ಕೊಡುವ ಘೋಷಣೆ, ಅಂದರೆ ಹಿಂದಿನ 15ಜಿ ನಮೂನೆಯಂಥದ್ದು, ಇಲ್ಲಿ ನಡೆಯುವುದಿಲ್ಲ. ಸಣ್ಣವರ ಮೇಲೆ ಇದು ಕಠಿಣವೇ, ಆದರೆ ಕಾನೂನು ಹಾಗಿದೆ.

2025ರ ಏಪ್ರಿಲ್‌ನಿಂದ, ಒಂದು ಬಾರಿಯ ಬಹುಮಾನ 10 ಸಾವಿರ ದಾಟಿದರೆ ಮಾತ್ರ ಟಿಡಿಎಸ್. ಮೂರು ಸಲ 8 ಸಾವಿರ ಗೆದ್ದರೆ ಯಾರೂ ಏನೂ ಮುರಿದುಕೊಳ್ಳುವುದಿಲ್ಲ. ಹಾಗೆಂದು ತೆರಿಗೆ ಮಾಫಿಯಲ್ಲ, 24 ಸಾವಿರಕ್ಕೂ ಅದೇ ಶೇ. 30. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗಿ ಬಹುಮಾನದ ತೆರಿಗೆ, ಟಿಡಿಎಸ್‌ಗೆ ಇದ್ದ 115ಬಿಬಿ, 194ಬಿ ಎಂಬ ಹಳೆಯ ಸೆಕ್ಷನ್ ಸಂಖ್ಯೆಗಳು ಬದಲಾದವು. ಬದಲಾದದ್ದು ಸಂಖ್ಯೆ ಮಾತ್ರ, ದರವಲ್ಲ.

ಈಗ ವಸ್ತು ರೂಪದ ಬಹುಮಾನ. ದೀಪಾವಳಿಗೆ ಅಂಗಡಿಯವರು ನಡೆಸುವ ಲಕ್ಕಿ ಡ್ರಾದಲ್ಲಿ 9 ಲಕ್ಷದ ಕಾರು ಬಂತು ಎನ್ನಿ. ಕಾರಿನಿಂದ ಚಕ್ರ ಬಿಚ್ಚಿ ಟಿಡಿಎಸ್ ಮುರಿಯಲಾಗುವುದಿಲ್ಲ. ಹಾಗಾಗಿ ತೆರಿಗೆ ಕಟ್ಟಿದ್ದು ಖಾತ್ರಿಯಾಗುವ ತನಕ ಕೀಲಿ ಕೈಗೆ ಕೊಡಬಾರದು ಎಂಬುದು ನಿಯಮ. 2 ಲಕ್ಷ 70 ಸಾವಿರವನ್ನು ವಿಜೇತರು ಕಟ್ಟಬೇಕು, ಇಲ್ಲವೇ ಅಂಗಡಿಯವರೇ ಭರಿಸಬೇಕು. ಕಾರಿನ ಜೊತೆ ನಗದೂ ಇದ್ದರೆ ಮೊದಲು ಅದರಿಂದ ಮುರಿಯುತ್ತಾರೆ. ನೋಂದಣಿ, ರಸ್ತೆ ತೆರಿಗೆ, ವಿಮೆ ಬೇರೆ ಖರ್ಚು. ಚೀಟಿ ಎತ್ತುವ ಮೊದಲೇ ತೆರಿಗೆ ಯಾರದ್ದು ಎಂದು ಕೇಳಿಕೊಳ್ಳುವುದು ಜಾಣತನ.

ವಂಚಕರು ನುಗ್ಗುವುದೂ ಇದೇ ಸಂದಿಯಲ್ಲಿ. 'ನಿಮಗೆ ಕಾರು ಬಂದಿದೆ, ತೆರಿಗೆ ಹಣ ಈ ನಂಬರಿಗೆ ಕಳಿಸಿ' ಎಂಬ ಕರೆ ಅರ್ಧ ಸತ್ಯದ ಮೇಲೆ ನಿಂತಿರುತ್ತದೆ. ತೆರಿಗೆ ಮೊದಲೇ ಕಟ್ಟಬೇಕು ಎನ್ನುವುದು ನಿಜ. ಆದರೆ ಅದು ನಿಮ್ಮ ಪ್ಯಾನ್ ಸಂಖ್ಯೆ ಹಾಕಿ, ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ಚಲನ್ ಮೂಲಕ ಹೋಗುತ್ತದೆ, ಯಾರದೋ ಯುಪಿಐ ಖಾತೆಗಲ್ಲ.

ಸೋತ ಹಣದ ಕಥೆ ಏನು? ವರ್ಷವಿಡೀ 40 ಸಾವಿರದ ಟಿಕೆಟ್ ಕೊಂಡು 50 ಸಾವಿರ ಗೆದ್ದರೆ ತೆರಿಗೆ 10 ಸಾವಿರಕ್ಕಲ್ಲ, 50 ಸಾವಿರಕ್ಕೆ. ಟಿಕೆಟ್ಟಿನ ದುಡ್ಡು, ಓಡಾಟದ ಖರ್ಚು ಯಾವುದನ್ನೂ ಕಳೆಯುವಂತಿಲ್ಲ. ಬೆಂಗಳೂರು, ಮೈಸೂರಿನ ರೇಸ್ ಕೋರ್ಸಿನಲ್ಲಿ ಬಾಜಿ ಕಟ್ಟುವವರಿಗೂ ಇದೇ ಮಾತು. ಕುದುರೆ ಸಾಕಿ ಓಡಿಸುವ ಮಾಲೀಕರಿಗೆ ಮಾತ್ರ ಖರ್ಚು ಕಳೆಯಲು ಅವಕಾಶವಿದೆ, ನಷ್ಟವನ್ನು 4 ವರ್ಷ ಮುಂದಕ್ಕೆ ಒಯ್ದು ಅದೇ ಬಾಬಿನ ಆದಾಯದಲ್ಲಿ ವಜಾ ಮಾಡಿಕೊಳ್ಳಬಹುದು. ಅಂದರ್ ಬಾಹರ್, ಮಟ್ಕಾ ಇವು ಕಾನೂನುಬಾಹಿರ, ಆದರೂ ಅಲ್ಲಿ ಬಂದ ಹಣ ತೆರಿಗೆಯಿಂದ ಹೊರಗಲ್ಲ. ಪೊಲೀಸರ ಕೇಸು ಬೇರೆ, ತೆರಿಗೆಯ ಲೆಕ್ಕ ಬೇರೆ.

ಸೋಲನ್ನು ಲೆಕ್ಕಕ್ಕೆ ಹಿಡಿಯುತ್ತಿದ್ದ ಒಂದೇ ಜಾಗ ಆನ್‌ಲೈನ್ ಆಟ. ವರ್ಷದಲ್ಲಿ ಹಿಂತೆಗೆದದ್ದು 45 ಸಾವಿರ, ವರ್ಷದ ಕೊನೆಗೆ ಆ್ಯಪ್‌ನಲ್ಲಿ ಉಳಿದದ್ದು 5 ಸಾವಿರ, ನೀವು ಹಾಕಿದ್ದು 20 ಸಾವಿರ, ಆರಂಭದ ಶಿಲ್ಕು ಸೊನ್ನೆ. ಆಗ ನಿವ್ವಳ ಗೆಲುವು 30 ಸಾವಿರ, ಟಿಡಿಎಸ್ 9 ಸಾವಿರ. ಒಂದು ಕಂಪನಿಯ ಆಟದಲ್ಲಿ ಸೋತದ್ದನ್ನು ಇನ್ನೊಂದರ ಗೆಲುವಿನಲ್ಲಿ ಕಳೆಯುವಂತಿರಲಿಲ್ಲ. ಹಣ ಕಟ್ಟಿ ಆಡುವ ಇಂಥ ಆಟಗಳನ್ನೇ ಸಂಸತ್ತು 2025ರ ಆಗಸ್ಟ್‌ನಲ್ಲಿ ನಿಷೇಧಿಸಿತು. ಅದಕ್ಕೂ ಮೊದಲಿನ ಗೆಲುವನ್ನು ಆ ವರ್ಷದ ರಿಟರ್ನಿನಲ್ಲಿ ತೋರಿಸಲೇಬೇಕು. ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿ, ಅಂದರೆ ಎಐಎಸ್‌ನಲ್ಲಿ, ಅದು ಆಗಲೇ ಕೂತಿರುತ್ತದೆ.

ರಿಟರ್ನ್ ಸಲ್ಲಿಸುವಾಗ ಆಗುವ ತಪ್ಪುಗಳಲ್ಲಿ ಎರಡು ದೊಡ್ಡವು. ಸಂಬಳದವರು ರೂಢಿಯಂತೆ ಐಟಿಆರ್-1 ತುಂಬುತ್ತಾರೆ. ಲಾಟರಿ, ರೇಸಿನ ಆದಾಯ ಇದ್ದರೆ ಆ ನಮೂನೆ ಬಳಸುವಂತಿಲ್ಲ, ಐಟಿಆರ್-2 ಬೇಕು, ವ್ಯಾಪಾರದ ಆದಾಯವೂ ಇದ್ದರೆ ಐಟಿಆರ್-3. ಇನ್ನೊಂದು, ಕೈಗೆ ಬಂದ 70 ಸಾವಿರವನ್ನೇ ಆದಾಯವೆಂದು ಬರೆದು, 30 ಸಾವಿರ ಟಿಡಿಎಸ್ ಜಮಾ ಕೇಳುವುದು. ಬರೆಯಬೇಕಾದದ್ದು ಪೂರ್ತಿ 1 ಲಕ್ಷ. ಎರಡು ಲೆಕ್ಕ ತಾಳೆಯಾಗದಿದ್ದರೆ ನೋಟಿಸ್ ಬರುತ್ತದೆ. ಬಹುಮಾನ ಕೊಟ್ಟವರಿಗೆ ಪ್ಯಾನ್ ಕೊಡದಿದ್ದರೆ ಹಣ ಮುರಿದಿರುತ್ತಾರೆ, ಆದರೆ ಜಮಾ ನಿಮ್ಮ ಹೆಸರಿಗೆ ಬೀಳುವುದಿಲ್ಲ.

ಕೊನೆಯದಾಗಿ, ಗೆಳೆಯರು ಸೇರಿ ದುಡ್ಡು ಹಾಕಿ ಒಂದು ಟಿಕೆಟ್ ಕೊಳ್ಳುವ ವಿಚಾರ. ಟಿಕೆಟ್ ಒಬ್ಬರ ಹೆಸರಲ್ಲಿ ಸಲ್ಲಿಕೆಯಾದರೆ ಆದಾಯ, ಟಿಡಿಎಸ್ ಎಲ್ಲ ಅವರ ಪ್ಯಾನ್‌ಗೇ ಅಂಟುತ್ತದೆ. ಆಮೇಲೆ ಹಂಚಿದೆವು ಎಂದರೆ ಪುರಾವೆ ಕೇಳುತ್ತಾರೆ. ಡ್ರಾಗೆ ಮುಂಚೆಯೇ ಒಂದು ಹಾಳೆಯಲ್ಲಿ ಟಿಕೆಟ್ ಸಂಖ್ಯೆ, ಯಾರ ಪಾಲು ಎಷ್ಟು, ದಿನಾಂಕ ಬರೆದು ಎಲ್ಲರೂ ಸಹಿ ಹಾಕಿ. ಹಣ ಕೊಡುವ ಕಚೇರಿಗೆ ಪಾಲುದಾರರ ಪ್ಯಾನ್ ಸಹಿತ ಘೋಷಣೆ ಕೊಟ್ಟರೆ ಟಿಡಿಎಸ್ ಜಮಾ ಅವರವರ ಹೆಸರಿಗೆ ಹಂಚಿಕೆಯಾಗುತ್ತದೆ. ಕೇರಳದ ಟಿಕೆಟ್ ಡ್ರಾ ಆದ 30 ದಿನದೊಳಗೆ ಸಲ್ಲಬೇಕು. ಅದಕ್ಕೆ ಮುಂಚೆ ಅದರ ಎರಡೂ ಬದಿಯ ನಕಲು ತೆಗೆದಿಟ್ಟುಕೊಂಡು, ಹಿಂಬದಿಯಲ್ಲಿ ಹೆಸರು, ವಿಳಾಸ ಬರೆದು ಸಹಿ ಮಾಡಿ. ನಮಸ್ಕಾರ.