ಸ್ಕಾಟ್ಲೆಂಡಿನ ಬಾಟಲಿ, ಲಂಡನ್ನಿನ ಕಾಯ್ದೆ

ಕೇಳುಗರಿಗೆ ನಮಸ್ಕಾರ.

ಸ್ಕಾಟ್ಲೆಂಡಿಗೆ ಎಡಿನ್‌ಬರೋದಲ್ಲಿ ಸ್ವಂತ ಶಾಸನಸಭೆ ಇದೆ, ಸ್ವಂತ ಸರ್ಕಾರ ಇದೆ. ಬೇಕಾದ ಕಾನೂನು ಮಾಡಿಕೊಳ್ಳಬಹುದಲ್ಲ ಸಾರ್ ಅಂತ ವಿದ್ಯಾರ್ಥಿಗಳು ಪ್ರತಿ ವರ್ಷ ಕೇಳುತ್ತಾರೆ. ನನ್ನದು ಒಂದೇ ಉತ್ತರ: ಆ ಅಧಿಕಾರ ಲಂಡನ್ನಿನ ಸಂಸತ್ತು 1998ರಲ್ಲಿ ಮಾಡಿದ ಕಾಯ್ದೆಯಿಂದ ಬಂದದ್ದು. ಕೊಟ್ಟವರು ತಮ್ಮ ಹಕ್ಕು ಬಿಟ್ಟುಕೊಟ್ಟಿಲ್ಲ. ಸ್ಕಾಟ್ಲೆಂಡಿಗೆ ತಾವೂ ಕಾನೂನು ಮಾಡಬಹುದೆಂದು ಅದೇ ಕಾಯ್ದೆಯ 28ನೇ ಕಲಮಿನಲ್ಲಿ ಬರೆದುಕೊಂಡಿದ್ದಾರೆ.

ನಮ್ಮಲ್ಲಿ ರಾಜ್ಯಗಳು ಕಾನೂನು ಮಾಡಬಹುದಾದ ವಿಷಯಗಳ ಪಟ್ಟಿ, ಅಂದರೆ ರಾಜ್ಯಪಟ್ಟಿ, ಇರುವುದು ಸಂವಿಧಾನದಲ್ಲಿ. ಅದನ್ನು ತಿದ್ದಲು ಕನಿಷ್ಠ ಅರ್ಧದಷ್ಟು ರಾಜ್ಯಗಳ ಒಪ್ಪಿಗೆಯೂ ಬೇಕು. ಸ್ಕಾಟ್ಲೆಂಡಿಗೆ ಆ ಕಾವಲಿಲ್ಲ.

ಒಂದು ಬಾಟಲಿಯ ಕಥೆ ಹೇಳುತ್ತೇನೆ. ಕಸ ಕಡಿಮೆಯಾಗಲೆಂದು ಸ್ಕಾಟ್ಲೆಂಡ್ 2020ರಲ್ಲಿ ಒಂದು ನಿಯಮ ಮಾಡಿತು. ಪಾನೀಯ ಕೊಂಡರೆ ಬಾಟಲಿಗೋ ಡಬ್ಬಿಗೋ 20 ಪೆನ್ಸ್ ಡಿಪಾಸಿಟ್. ಖಾಲಿಯಾದದ್ದನ್ನು ತಂದುಕೊಟ್ಟರೆ ದುಡ್ಡು ವಾಪಸ್. ನಮ್ಮ ಅಂಗಡಿಗಳಲ್ಲಿ ಸೋಡಾ ಬಾಟಲಿಗೆ ಇಟ್ಟುಕೊಳ್ಳುತ್ತಿದ್ದರಲ್ಲ, ಹಾಗೇ. ಕಸ ವಿಲೇವಾರಿ, ಪರಿಸರ ಎಲ್ಲ ಎಡಿನ್‌ಬರೋಗೆ ಬಿಟ್ಟ ವಿಷಯಗಳೇ. ಆದರೆ ಅದೇ ವರ್ಷದ ಕೊನೆಗೆ ಲಂಡನ್ ಆಂತರಿಕ ಮಾರುಕಟ್ಟೆ ಕಾಯ್ದೆ ತಂದಿತು. ಬ್ರಿಟನ್ನಿನ ಒಂದು ಕಡೆ ಮಾರಬಹುದಾದ ಸರಕನ್ನು ಇನ್ನೊಂದು ಕಡೆಯೂ ಮಾರಲು ಬಿಡಬೇಕು ಎಂಬುದು ಅದರ ತಿರುಳು. ಇಂಗ್ಲೆಂಡಿನಲ್ಲಿ ಆಗ ಡಿಪಾಸಿಟ್ ಇರಲಿಲ್ಲ. ಅಲ್ಲಿಂದ ಬಂದ ಬಾಟಲಿಗೂ ನಿಯಮ ಹಾಕಬೇಕಾದರೆ ಲಂಡನ್ನಿನ ವಿನಾಯಿತಿ ಬೇಕಾಯಿತು. 2023ರ ಮೇ ತಿಂಗಳಲ್ಲಿ ಉತ್ತರ ಬಂತು: ಪ್ಲಾಸ್ಟಿಕ್ ಆಗಬಹುದು, ಲೋಹದ ಡಬ್ಬಿ ಆಗಬಹುದು, ಗಾಜು ಕೈಬಿಡಿ. ವಿಸ್ಕಿಯ ನಾಡಿನಲ್ಲಿ ಗಾಜಿನ ಬಾಟಲಿ ಬಿಟ್ಟು ಡಿಪಾಸಿಟ್ ಯೋಜನೆ! ಮರುತಿಂಗಳೇ ಸ್ಕಾಟ್ಲೆಂಡ್ ಸರ್ಕಾರ ಅದನ್ನು 2025ಕ್ಕೆ ಮುಂದೂಡಿತು. ನೋಡಿ, ಕಸದ ಅಧಿಕಾರವನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಪಕ್ಕದಲ್ಲಿ ಇನ್ನೊಂದು ಕಾಯ್ದೆ ತಂದರು, ಅಷ್ಟೇ ಸಾಕಾಯಿತು. ಕೊಟ್ಟವರು ಹಕ್ಕು ಬಿಟ್ಟುಕೊಟ್ಟಿಲ್ಲ ಅಂತ ನಾನು ಹೇಳುವುದು ಇದಕ್ಕೇ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. 2014ರ ಸ್ವಾತಂತ್ರ್ಯ ಜನಮತಗಣನೆ ನಡೆದದ್ದು ಲಂಡನ್ ಒಪ್ಪಿದ್ದರಿಂದ. ಇನ್ನೊಂದನ್ನು ತಾವಾಗಿ ನಡೆಸುವ ಅಧಿಕಾರ ಎಡಿನ್‌ಬರೋಗಿಲ್ಲ ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು 2022ರ ನವೆಂಬರಿನಲ್ಲಿ ಒಮ್ಮತದಿಂದ ಹೇಳಿದರು. ಆದರೆ ಎಲ್ಲದರಲ್ಲೂ ಸೋಲೇ ಎಂದುಕೊಳ್ಳಬೇಡಿ. ಮದ್ಯಕ್ಕೆ ಕನಿಷ್ಠ ಬೆಲೆ ಕಟ್ಟಿದ ಕಾನೂನನ್ನು 2017ರಲ್ಲಿ ಅದೇ ಕೋರ್ಟು ಎತ್ತಿಹಿಡಿಯಿತು.

ಕೊನೆಗೆ ಒಂದು ಕೋರಿಕೆ. ಎಡಿನ್‌ಬರೋದಲ್ಲಿ ಮಸೂದೆ ಪಾಸಾದ ದಿನವೇ ಕಾನೂನು ಬಂತು ಅಂತ ದಯವಿಟ್ಟು ಬರೆಯಬೇಡಿ, ಹೇಳಬೇಡಿ. ಅದನ್ನು ಕೋರ್ಟಿಗೆ ಒಯ್ಯುವುದಕ್ಕೆ, ಇಲ್ಲವೇ 2023ರ ಜನವರಿಯಲ್ಲಿ ಲಿಂಗ ಮಾನ್ಯತೆ ಮಸೂದೆಗೆ (ದಾಖಲೆಯಲ್ಲಿ ಲಿಂಗ ಬದಲಿಸಿಕೊಳ್ಳುವುದನ್ನು ಸುಲಭ ಮಾಡುವ ಮಸೂದೆ) ಮಾಡಿದಂತೆ ತಡೆಹಿಡಿಯುವುದಕ್ಕೆ, ಲಂಡನ್ನಿಗೆ ನಾಲ್ಕು ವಾರ ಅವಕಾಶವಿರುತ್ತದೆ. ರಾಜರ ಅಂಕಿತ ಬೀಳುವುದು ಆಮೇಲೆ. ನಮಸ್ಕಾರ.