ಹದಿನಾರು ಕಾಲು

ಕೇಳುಗರಿಗೆ ನಮಸ್ಕಾರ.

ನಾನು ಓದಿದ್ದು ಹಾಸನ ಜಿಲ್ಲೆಯ ಒಂದು ಹಳ್ಳಿಯ ಮಿಡ್ಲ್ ಸ್ಕೂಲಿನಲ್ಲಿ. ಸ್ಲೇಟು, ಬಳಪ, ನಾಗರಬೆತ್ತ, ಬಸ್ಕಿ, ಕೋದಂಡ, ಇವೆಲ್ಲ ನಮ್ಮಲ್ಲೂ ಇದ್ದವು. ನನ್ನ ವಯಸ್ಸಿನವರು ಅದನ್ನೆಲ್ಲ ಹೇಳಿ ಹೇಳಿ ಸವೆಸಿಬಿಟ್ಟಿದ್ದಾರೆ, ಬಿಡಿ. ನಾನು ಹೇಳಹೊರಟಿರುವುದು ಮೇಷ್ಟ್ರೂ ನಮ್ಮ ಜೊತೆ ಕೂತು ಕಲಿಯಬೇಕಾಗಿ ಬಂದ ಒಂದು ವರ್ಷದ ವಿಷಯ.

1956ರ ನವೆಂಬರ್ 1ಕ್ಕೆ ರಾಜ್ಯ ದೊಡ್ಡದಾಯಿತು. ಹೆಸರು ಮಾತ್ರ ಮೈಸೂರು ಅಂತಲೇ ಇತ್ತು. ಹತ್ತು ಜಿಲ್ಲೆಗಳ ಹೆಸರನ್ನು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದ ನಾವು ಈಗ ಹತ್ತೊಂಬತ್ತು ಹೇಳಬೇಕಾಯಿತು. ಗೋಡೆಯ ಮೇಲೆ ಹಳೇ ನಕ್ಷೆಯೇ ತೂಗುತ್ತಿತ್ತು. ಮೇಷ್ಟ್ರು ಬೆತ್ತದ ತುದಿಯನ್ನು ನಕ್ಷೆಯಿಂದಾಚೆ, ಬರೀ ಸುಣ್ಣದ ಗೋಡೆಯ ಮೇಲೆ ಇಟ್ಟು, “ಇಲ್ಲಿ ಬೀದರ್ ಕಣ್ರೋ” ಅನ್ನುತ್ತಿದ್ದರು. ಬೀದರ್ ಅಂದರೆ ಇವತ್ತಿಗೂ ನನಗೆ ಆ ಗೋಡೆಯೇ ಕಣ್ಣಿಗೆ ಬರುತ್ತದೆ.

ಸರಿಯಾಗಿ ಐದು ತಿಂಗಳಿಗೆ, 1957ರ ಏಪ್ರಿಲ್ 1ಕ್ಕೆ, ನಯಾಪೈಸೆ ಬಂತು.

ಈಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿಯವರೆಗೆ ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಕಾಸು. ಮೂರು ಕಾಸು ಸೇರಿದರೆ ಮುಕ್ಕಾಸು. ಯುದ್ಧದ ಕಾಲದಲ್ಲಿ ನಡುವೆ ದೊಡ್ಡ ತೂತಿಟ್ಟು ಹೊರಡಿಸಿದ ಮುಕ್ಕಾಸುಗಳು ಇನ್ನೂ ಓಡಾಡುತ್ತಿದ್ದವು. ನಾವು ಅವನ್ನು ಉಡಿದಾರಕ್ಕೆ ಪೋಣಿಸಿಕೊಂಡು ಬರುತ್ತಿದ್ದೆವು. ಜೇಬು ಹರಿದ ಹುಡುಗರಿಗೆ ಅದಕ್ಕಿಂತ ಭದ್ರವಾದ ಖಜಾನೆ ಯಾವುದಿತ್ತು?

ಹದಿನಾರರ ಈ ಲೆಕ್ಕ ನಮ್ಮ ಮಗ್ಗಿಗೆ ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು. ಕಾಲು, ಅರೆ, ಮುಕ್ಕಾಲು, ಹದಿನಾರರಲ್ಲೊಂದು ಪಾಲಿಗೆ ವೀಸ. ರೂಪಾಯಿಯ ವೀಸವೇ ಒಂದಾಣೆ. ಬರೆಯುವುದಕ್ಕೂ ಗೀಟುಗಳೇ ಸಾಕು. ನಿಂತ ಗೀಟು ಒಂದಕ್ಕೆ ನಾಲ್ಕಾಣೆ, ಮಲಗಿದ ಗೀಟು ಒಂದಕ್ಕೆ ಒಂದಾಣೆ. ಒಂದು ನಿಂತು ಪಕ್ಕದಲ್ಲಿ ಒಂದು ಮಲಗಿದರೆ ಐದಾಣೆ. ಬೆಳಿಗ್ಗೆ ಪ್ರಾರ್ಥನೆ ಮುಗಿಯುತ್ತಲೇ ಕಾಲು ಮಗ್ಗಿ ಶುರುವಾಗುತ್ತಿತ್ತು. ನಾಲ್ಕು ಕಾಲು ಒಂದು, ಐದು ಕಾಲು ಒಂದೂಕಾಲು, ಆರು ಕಾಲು ಒಂದೂವರೆ... ಊರಾಚೆಯ ಕೆರೆ ಏರಿಯ ಮೇಲೆ ಎಮ್ಮೆ ಕಾಯುವವರಿಗೂ ಅದು ಕೇಳಿ ಕೇಳಿ ಬಾಯಿಗೆ ಬಂದುಬಿಟ್ಟಿತ್ತು.

ಇಷ್ಟೆಲ್ಲ ಅರೆದು ಕುಡಿಸಿದ್ದ ಮೇಷ್ಟ್ರಿಗೆ ನಯಾಪೈಸೆ ಗಂಟಲಲ್ಲಿ ಇಳಿಯಲಿಲ್ಲ. ಪುಟಾಣಿ ತಾಮ್ರದ ಬಣ್ಣದ ಬಿಲ್ಲೆ. ಅದರ ಮೇಲೆ, ರೂಪಾಯಿಯ ನೂರನೇ ಒಂದು ಭಾಗ ಅಂತ ಹಿಂದಿಯಲ್ಲಿ ಬರೆದಿರುತ್ತಿತ್ತು. ಅವರದ್ದು ಒಂದೇ ತಕರಾರು: “ಮೂರು ಜನ ಅಣ್ತಮ್ಮಂದಿರಿಗೆ ಒಂದು ರೂಪಾಯಿ ಹಂಚು ಅಂದ್ರೆ ಆಗಿನ ಲೆಕ್ಕದಲ್ಲಿ ಐದಾಣೆ ನಾಲ್ಕು ಕಾಸು, ಜಗಳವಿಲ್ಲ. ಈಗ ಮೂವತ್ಮೂರು ಪೈಸೆ ಕೊಟ್ಟು ಮಿಕ್ಕಿದ್ದೊಂದನ್ನ ಯಾರ ತಲೆ ಮೇಲೆ ಇಡೋದು?” ಮಾತು ಸುಳ್ಳಲ್ಲ. ನೂರನ್ನು ಮೂರು ಪಾಲು ಮಾಡಲು ಈವರೆಗೆ ಯಾರಿಂದಲೂ ಆಗಿಲ್ಲ.

ಆದರೆ ಪಠ್ಯದಲ್ಲಿ ಬಂದಮೇಲೆ ಪಾಠ ಮಾಡಲೇಬೇಕಲ್ಲ. ಹಳೇ ನಾಣ್ಯಗಳೂ ಜೊತೆಯಲ್ಲೇ ಚಲಾವಣೆಯಲ್ಲಿದ್ದುದರಿಂದ ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವ ಪಟ್ಟಿಯೊಂದಿತ್ತು. ಒಂದಾಣೆಗೆ ಆರು ನಯಾಪೈಸೆ, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು, ನಾಲ್ಕಾಣೆಗೆ ಇಪ್ಪತ್ತೈದು. ಹನ್ನೆರಡಾದ ಮೇಲೆ ಹದಿನೆಂಟಲ್ಲವೇ ಬರಬೇಕಾದ್ದು? ನಾವು ಕೇಳಲಿಲ್ಲ. ಮೇಷ್ಟ್ರೂ ಹೇಳಲಿಲ್ಲ. ಪಟ್ಟಿಯನ್ನು ರಾಗವಾಗಿ ಬಾಯಿಪಾಠ ಮಾಡಿದೆವು.

ಆ ವರ್ಷದ ನವರಾತ್ರಿಯಲ್ಲಿ ಸ್ಕೂಲಿನ ಶಾರದಾ ಪೂಜೆಗೆ ತಲೆಗೊಂದಾಣೆ ವಂತಿಗೆ. ನಾನು ಐದನೇ ಕ್ಲಾಸಿನ ಮಾನಿಟರು. ಮೂವತ್ತೆರಡು ಹುಡುಗರು. ಅಂದರೆ ಎರಡು ರೂಪಾಯಿ ಆಗಬೇಕು. ಕೆಲವರು ಹಳೇ ಆಣೆ ತಂದರು, ಕೆಲವರು ತೂತಿನ ಮುಕ್ಕಾಸು ನಾಲ್ಕು ಬಿಚ್ಚಿಕೊಟ್ಟರು, ಉಳಿದವರು ಹೊಸ ಪೈಸೆ ಆರಾರು ಎಣಿಸಿದರು. ಯಾರ ಹೆಸರೂ ಬಿಡದೆ ಸ್ಲೇಟಿನ ಮೇಲೆ ಗುರುತು ಹಾಕಿಕೊಂಡು, ಎಲ್ಲವನ್ನೂ ಚೌಕದಲ್ಲಿ ಗಂಟು ಕಟ್ಟಿ ಮೇಷ್ಟ್ರ ಮೇಜಿನ ಮೇಲಿಟ್ಟೆ.

ಮೇಷ್ಟ್ರು ಎಣಿಸಿದರು. ಇನ್ನೊಂದು ಸಲ ಎಣಿಸಿದರು. ಒಂದು ರೂಪಾಯಿ ತೊಂಬತ್ತಾರು ನಯಾಪೈಸೆ.

“ನಾಲ್ಕು ಪೈಸೆ ಎಲ್ಲೋ?”

“ಎಲ್ಲಾರೂ ಕೊಟ್ಟವ್ರೆ ಸಾರ್.”

“ಎಲ್ಲಾರೂ ಕೊಟ್ಟಿದ್ರೆ ಎರಡು ರೂಪಾಯಿ ಇರ್ಬೇಕಿತ್ತಲ್ಲ?”

ಜೇಬು ತಿರುವಿ ತೋರಿಸಿದೆ. ಅದರಲ್ಲಿದ್ದುದು ಎರಡು ಗೋಲಿ, ಒಂದು ಮುರುಕು ಬಳಪ. ಕ್ಲಾಸಿಗೆ ಕ್ಲಾಸೇ ನನ್ನನ್ನು ನೋಡುತ್ತಿತ್ತು. ಮಾನಿಟರು ಸಿಕ್ಕಿಬಿದ್ದರೆ ಹುಡುಗರಿಗೆ ಎಷ್ಟು ಸಂತೋಷವಾಗುತ್ತದೆ ಅನ್ನುವುದು ಮಾನಿಟರ್ ಆಗಿದ್ದವರಿಗಷ್ಟೇ ಗೊತ್ತು. ಬೆಂಚಿನ ಮೇಲೆ ಹತ್ತಿ ನಿಲ್ಲು ಅಂದರು. ನಿಂತೆ. ಅಳು ಬಂತು, ಆದರೆ ಮೇಲೆ ನಿಂತು ಅತ್ತರೆ ಎಲ್ಲರಿಗೂ ಕಾಣುತ್ತದಲ್ಲ, ಸೂರಿನ ತೊಲೆ ನೋಡುತ್ತಾ ನುಂಗಿಕೊಂಡೆ.

ಮೇಷ್ಟ್ರು ಪಾಠ ಮುಂದುವರಿಸಲಿಲ್ಲ. ದುಡ್ಡನ್ನು ಎರಡು ಗುಡ್ಡೆ ಮಾಡಿದರು, ಹಳೆಯದೊಂದು, ಹೊಸದೊಂದು. ಹಳೆಯದು ಹದಿನಾರಾಣೆ, ಸರಿಯಾಗಿ ಒಂದು ರೂಪಾಯಿ. ಹೊಸದನ್ನು ಆರಾರರಂತೆ ಸಾಲಾಗಿ ಜೋಡಿಸಿದರು. ಹದಿನಾರು ಸಾಲು. ಬೋರ್ಡಿನ ಹತ್ತಿರ ಹೋಗಿ ನೂರನ್ನು ಹದಿನಾರರಿಂದ ಭಾಗಿಸಿದರು. ಆರು ಬಂತು, ನಾಲ್ಕು ಉಳಿಯಿತು. ಸುಣ್ಣದ ಕಡ್ಡಿ ಹಿಡಿದು ಬಹಳ ಹೊತ್ತು ಹಾಗೇ ನಿಂತಿದ್ದರು. ಆಣೆಗೆ ಆರಲ್ಲ, ಆರೂಕಾಲು. ಆ ಕಾಲನ್ನು ಪಟ್ಟಿ ಬರೆದವರು ಕೈಬಿಟ್ಟಿದ್ದರು.

ಆಮೇಲೆ ನಮಗೆ ಬೆನ್ನು ಹಾಕಿಕೊಂಡೇ, ನಾವು ಮಗ್ಗಿ ಒಪ್ಪಿಸುವ ಅದೇ ರಾಗದಲ್ಲಿ, ತಮ್ಮಷ್ಟಕ್ಕೆ ಅಂದುಕೊಂಡರು: “ಹದಿನಾರು ಕಾಲು... ನಾಲ್ಕು.”

ಹಿಂದಿನ ಬೆಂಚಿನ ಒಬ್ಬ ಅಭ್ಯಾಸಬಲದಿಂದ “ಹದಿನೇಳು ಕಾಲು ನಾಲ್ಕೂಕಾಲು” ಅಂದ. ಯಾರೂ ನಗಲಿಲ್ಲ.

ಮೇಷ್ಟ್ರು ಕೋಟಿನ ಒಳಜೇಬಿನಿಂದ ನಾಲ್ಕು ನಯಾಪೈಸೆ ತೆಗೆದು ಗುಡ್ಡೆಗೆ ಸೇರಿಸಿದರು. ಗಂಟು ಕಟ್ಟಿ ಮೇಜಿನ ಡ್ರಾಯರಿಗೆ ಹಾಕಿ, ಭೂಗೋಳದ ಪುಸ್ತಕ ತೆಗೆಯಿರಿ ಅಂದರು. ನನ್ನನ್ನು ಇಳಿ ಅನ್ನುವುದು ಅವರಿಗೆ ಮರೆತೇಹೋಯಿತು. ಗಂಟೆ ಹೊಡೆಯುವವರೆಗೂ ಬೆಂಚಿನ ಮೇಲೇ ನಿಂತು, ಬೆತ್ತದ ತುದಿ ಗೋಡೆಯ ಮೇಲೆ ಬೀದರನ್ನು ಹುಡುಕುವುದನ್ನು ನೋಡುತ್ತಿದ್ದೆ.