ಪ್ರಾಜೆಕ್ಟ್ ಮನಿಗೆ ಕಳಸಬ್ಯಾಡ್ರಿ

ನಮಸ್ಕಾರ್ರೀ ಎಲ್ಲಾರಿಗೂ.

ಸಾಲಿಯಿಂದ 'ನಾಳೆ ಪ್ರಾಜೆಕ್ಟ್ ತರ್ರಿ' ಅಂತ ಮೆಸೇಜ್ ಬಂದ್ರ ಸಾಕು, ಅಪ್ಪ ಸ್ಟೇಶನರಿ ಅಂಗಡಿಗೆ ಓಡ್ತಾನ. ಥರ್ಮಾಕೋಲ್, ಗ್ಲಿಟರ್ ಪೇಪರ್, ರೆಡಿಮೇಡ್ ಚಾರ್ಟ್. ರಾತ್ರಿ ಅವ್ವ ಕತ್ತರಸ್ತಾಳ, ಅಪ್ಪ ಅಂಟಸ್ತಾನ, ಕೂಸು ಮಲಗಿರ್ತೈತಿ. ಮುಂಜಾನೆ ಎತ್ಕೊಂಡು ಹೋಗಿ ಮಾರ್ಕ್ಸ್ ತರ್ತೈತಿ. ಆ ಕೂಸಿನ ಕೈ ಏನು ಕಲೀತ್ರೀ?

ನನ್ನ ಮಾತು ಇಷ್ಟ. ಒಂದನೇ ಕ್ಲಾಸಿಂದ ಎಂಟನೇ ಕ್ಲಾಸಿನ ತನಕ ಕಲಾ ಪ್ರಾಜೆಕ್ಟ್ ಮನಿಗೆ ಕಳಸಬ್ಯಾಡ್ರಿ. ಕ್ಲಾಸಿನ್ಯಾಗ ಮಾಡಸ್ರಿ, ನಮ್ಮ ಬಾಗಲಕೋಟಿ ಜಿಲ್ಲಾದಾಗ ಸಿಗೂ ಸಾಮಾನಿಂದನ ಮಾಡಸ್ರಿ.

ಸಣ್ಣವ್ರಿಗೆ ಮಣ್ಣು ಕೊಡ್ರಿ. ಮಣ್ಣಿನ ಎತ್ತು ಮಾಡಿ ಪೂಜಿ ಮಾಡೂ ಮಣ್ಣೆತ್ತಿನ ಅಮಾಸಿ ಬರೂದು ಜೂನ್ ಆಸುಪಾಸ, ಸಾಲಿ ಆಗಷ್ಟ ಶುರುವಾಗಿರ್ತೈತಿ. ಎರಿ ಮಣ್ಣು ಹಸಿ ಇದ್ದಾಗ ಉಬ್ಬತೈತಿ, ಒಣಗಿದ್ರ ಕುಗ್ಗಿ ಬಿರೀತೈತಿ. ಎತ್ತಿನ ಕೋಡು ಸೀಳಿದಾಗ 'ಯಾಕ್ರೀ ಸರ್?' ಅಂತ ಹುಡುಗ ಕೇಳ್ತಾನ. ಮುಂದಿನ ಎತ್ತಿಗೆ ಚೂರು ಉಸುಕು ಕಲಸಿ ನೋಡು ಅನ್ರಿ. ವಿಜ್ಞಾನದ ಪಾಠ ಅಲ್ಲೇ ಆತು.

ಆರು, ಏಳು, ಎಂಟನೇ ಕ್ಲಾಸಿನವ್ರಿಗೆ ಕಸೂತಿ. ಹುಡುಗ್ಯಾರಿಗಷ್ಟ ಅಲ್ಲ, ಗಂಡು ಹುಡುಗರಿಗೂ. ಅಜ್ಜಿಯ ಇಳಕಲ್ ಸೀರಿ ಮ್ಯಾಲೆ ತೇರು, ಗೋಪುರ, ತುಳಸಿ ಕಟ್ಟಿ ನೋಡಿರ್ತೀರಲ್ಲ? ಅದನ್ನ ಬಟ್ಟಿ ಮ್ಯಾಲೆ ಮೊದಲ ಬರಕೊಳ್ಳೂದಿಲ್ರೀ, ಎಳಿ ಎಣಿಸಿ ಹಾಕ್ತಾರ. ಗವಂತಿ ಹೊಲಿಗಿಯೊಳಗ ಹೋಗುವಾಗ ಬಿಟ್ಟ ಜಾಗಾ ಬರುವಾಗ ತುಂಬತಾರ, ಗಂಟು ಹಾಕೂದಿಲ್ಲ. ಹಿಂದ ಮುಂದ ಒಂದೇ ಥರ ಕಾಣತೈತಿ. ಒಂದು ಎಳಿ ತಪ್ಪಿದ್ರ ವಾಪಸ್ ಬರೂ ದಾರಿನ ಕೂಡೂದಿಲ್ಲ! ಮೊದಲ ಗ್ರಾಫ್ ಪೇಪರ್ ಮ್ಯಾಲೆ ಪೆನ್ಸಿಲ್ಲಿಂದ, ಆಮ್ಯಾಲೆ ದಪ್ಪ ಎಳಿ ಬಟ್ಟಿ ಮ್ಯಾಲೆ. ಗಣಿತ ಪುಸ್ತಕದಾಗಿನ ಸಮಮಿತಿ ಬೆರಳಿಗೆ ತಿಳೀತೈತಿ.

ಕೊಲಾಜ್ ಮಾಡ್ಸೂದಿದ್ರ ಟೇಲರ್ ಹತ್ರ ಹೋಗ್ರಿ, ಗುಳೇದಗುಡ್ಡದ ಖಣದ (ಕುಪ್ಪಸದ ಬಟ್ಟಿ) ತುಣುಕು ಕೇಳ್ರಿ.

ಇನ್ನ ಟ್ರಿಪ್. ಬಾದಾಮಿಗೆ ಕರಕೊಂಡು ಹೋಗಿ, ಫೋಟೋ ಹೊಡದು, ಬಸ್ ಹತ್ತಿಸಬ್ಯಾಡ್ರಿ. ಮೊದಲನೇ ಗುಹೆಯೊಳಗ 18 ಕೈಯಿನ ನಟರಾಜ ಎಲ್ಲಾರಿಗೂ ಗೊತ್ತು. ಅಲ್ಲೇ ದ್ವಾರಪಾಲಕನ ಕೆಳಗ ಒಂದು ಆನಿ, ಒಂದು ಎತ್ತು ಅದಾವ, ಎರಡಕ್ಕೂ ಕೂಡಿ ಒಂದೇ ತಲಿ. ಒಂದರ ಮೈ ಮುಚ್ಚಿ ನೋಡಿದ್ರ ಆನಿ, ಇನ್ನೊಂದರದ್ದು ಮುಚ್ಚಿದ್ರ ಎತ್ತು. 6ನೇ ಶತಮಾನದ ಚಾಲುಕ್ಯರ ಕೆಲಸ ಅದು, ಇವತ್ತಿಗೂ ನನ್ನನ್ನ ಅಲ್ಲಿಂದ ಏಳಗೊಡೂದಿಲ್ಲ. ಮಕ್ಕಳನ್ನ ಅದರ ಮುಂದ ಕುಂದ್ರಸ್ರಿ. 'ನಿಮಗ ಬೇಕಾದ ಎರಡು ಪ್ರಾಣಿಗೆ ಒಂದೇ ತಲಿ ಕೊಟ್ಟು ಚಿತ್ರ ತಗೀರಿ' ಅನ್ರಿ. ಹಾವು-ನವಿಲು ಬರಬಹುದು, ಬೆಕ್ಕು-ಗೂಬಿ ಬರಬಹುದು, ಅಂಗಡ್ಯಾಗ ಸಿಗಲಾರದ್ದು ಏನೋ ಬರತೈತಿ.

'ಸೊಟ್ಟಪಟ್ಟ ಇದ್ರ ಪ್ರದರ್ಶನಕ್ಕ ಹೆಂಗ ಇಡೂದ್ರೀ?' ಅಂತ ಮಾಸ್ತರ್ ಕೇಳ್ತಾರ. ಇಡ್ರೀ! ನಾಲ್ಕನೇ ಕ್ಲಾಸಿನ ಕೂಸು ಮಾಡಿದ್ದು ನಾಲ್ಕನೇ ಕ್ಲಾಸಿನ ಕೂಸು ಮಾಡಿದಂಗ ಕಾಣಬೇಕು. ನೀಟ್ ಆಗಿದ್ದಕ್ಕ ಮಾರ್ಕ್ಸ್ ಕೊಟ್ರ ಆ ಮಾರ್ಕ್ಸ್ ಅಪ್ಪ-ಅವ್ವಗ ಹೋಗ್ತಾವ.

ಪಾಲಕರೇ, ಮುಂದಿನ ಸಭಾದಾಗ ಎದ್ದು ನಿಂತು ಕೇಳ್ರಿ: 'ಮೇಡಂ, ಇದನ್ನ ಡ್ರಾಯಿಂಗ್ ಪೀರಿಯಡ್ಡಿನ್ಯಾಗ ಮಾಡಸ್ತೀರೇನ್ರಿ? ಮಣ್ಣು ನಾವು ತಂದು ಕೊಡ್ತೀವಿ.'